ಸರಿದು ಕೂರುವ ಪಾಠ

ಅವರು ತೀರಿಕೊಂಡ ಮೇಲೆ ಶಾಲೆಯಲ್ಲಿ ನಡೆದ ಸಂತಾಪ ಸಭೆಗೆ ನಾನೂ ಹೋಗಿದ್ದೆ. ನಾಲ್ಕು ಜನ ಮಾತನಾಡಿದರು. ನಾಲ್ವರೂ ಅವರನ್ನು ಕರುಣೆಯ ಮೂರ್ತಿ, ಮಾತೃಹೃದಯಿ, ಹೂವಿನಂಥ ಮನಸ್ಸಿನವರು ಎಂದರು. ಕೇಳಿ ಕೇಳಿ ನನಗೆ ಸಿಟ್ಟು ಬಂತು. ಇವರಲ್ಲಿ ಒಬ್ಬರೂ ಅವರ ತರಗತಿಯಲ್ಲಿ ಕೂತವರಲ್ಲ ಎಂಬುದು ಅಷ್ಟರಿಂದಲೇ ಗೊತ್ತಾಗುತ್ತಿತ್ತು. ಹೂವಿನಂಥ ಮನಸ್ಸಂತೆ. ಅವರ ಒಡಕು ದನಿ ವರಾಂಡದ ಆ ತುದಿಯಲ್ಲಿ ಕೇಳಿಸಿದರೆ ಈ ತುದಿಯಲ್ಲಿ ನಾವು ಚಡ್ಡಿ ಬಿಗಿ ಮಾಡಿಕೊಂಡು ಎದ್ದು ನಿಲ್ಲುತ್ತಿದ್ದೆವು.

ನನ್ನನ್ನು ಮಾತನಾಡಲು ಯಾರೂ ಕರೆಯಲಿಲ್ಲ. ಅಂಚೆ ಕಚೇರಿಯ ಗುಮಾಸ್ತನನ್ನು ಯಾರು ಕರೆಯುತ್ತಾರೆ? ಕರೆದಿದ್ದರೆ ಹೇಳುತ್ತಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಮಾತ್ರ ಬರೆಯುವುದಿಲ್ಲ. ತಮ್ಮ ಹೆಸರು ಎಲ್ಲಾದರೂ ದೊಡ್ಡದಾಗಿ ಕಂಡರೆ ಅವರಿಗೆ ಹಿಡಿಸುತ್ತಿರಲಿಲ್ಲ. ನಮಗಂತೂ ಅವರು ಯಾವಾಗಲೂ ಟೀಚರಮ್ಮ.

ಅವರ ಮನೆ ಬಂಗಾರಪೇಟೆಯಲ್ಲಿತ್ತು. ಗಂಡ ಬೇಗ ಹೋದ ಮೇಲೆ ಹಟ ಹಿಡಿದು ಓದಿ, ಟ್ರೈನಿಂಗ್ ಮುಗಿಸಿ ಕೆಲಸಕ್ಕೆ ಸೇರಿದವರು. ದಿನಾ ಬೆಳಗ್ಗೆ ರೈಲಿನಲ್ಲಿ ಬಂದು ಊರಿಗಾಂ ಸ್ಟೇಷನ್ನಿನಲ್ಲಿ ಇಳಿದು ಶಾಲೆಗೆ ನಡೆದು ಬರುತ್ತಿದ್ದರು. ಗಿಡ್ಡ ದೇಹ, ದಪ್ಪ ನೂಲಿನ ಸೀರೆ, ಕಂಕುಳಲ್ಲಿ ಮಡಿಸಿದ ಕಪ್ಪು ಕೊಡೆ. ಆ ಕೊಡೆಯನ್ನು ಅವರು ಬಿಚ್ಚಿದ್ದನ್ನು ನಾವು ಬಿಸಿಲಿನಲ್ಲೂ ಕಾಣಲಿಲ್ಲ, ಮಳೆಯಲ್ಲೂ ಕಾಣಲಿಲ್ಲ. ಜೊತೆಗೆ ನಶ್ಯದ ಅಭ್ಯಾಸ ಬೇರೆ. ಕಪ್ಪುಹಲಗೆಯ ಕಡೆ ತಿರುಗಿ ಏನೋ ಬರೆಯುವ ಹಾಗೆ ಮಾಡಿ ಒಂದು ಚಿಟಿಕೆ ಏರಿಸುತ್ತಿದ್ದರು. ನಮ್ಮ ಕಡೆ ತಿರುಗುವಾಗ ಕಣ್ಣಲ್ಲಿ ನೀರು ತುಂಬಿರುತ್ತಿತ್ತು. ಹುಡುಗರಿಗೆ ಇದು ಗೊತ್ತಿಲ್ಲ ಎಂದು ಅವರು ತಿಳಿದಿದ್ದರು. ನಾವೂ ಗೊತ್ತಿಲ್ಲದವರ ಹಾಗೇ ಕೂತಿರುತ್ತಿದ್ದೆವು.

ಹೆಡ್‌ಮಾಸ್ಟರು ಅವರಿಗೆ ಒಂದು ಬೆತ್ತ ಕೊಟ್ಟಿದ್ದರು. ಅದನ್ನು ಅವರು ಭೂಪಟ ನೇತುಹಾಕಲು ಬಳಸಿದರು. ಹೊಡೆಯುವುದು ಪಾಪ ಎಂಬ ಮಾತನ್ನೆಲ್ಲ ಆಡಿದವರಲ್ಲ. "ಹೊಡೆದ್ರೆ ಐದು ನಿಮಿಷಕ್ಕೆ ಮುಗಿದುಹೋಗುತ್ತೆ. ನಿಮ್ಮನ್ನ ಅಷ್ಟು ಸುಲಭಕ್ಕೆ ಬಿಡ್ತೀನಾ ನಾನು?" ಎನ್ನುತ್ತಿದ್ದರು. ಬಿಡುತ್ತಲೂ ಇರಲಿಲ್ಲ.

ಶಾಲೆ ಇದ್ದದ್ದು ರಾಬರ್ಟ್‌ಸನ್‌ಪೇಟೆಗೂ ನಂದಿದುರ್ಗ ಚಿನ್ನದ ಗಣಿಯವರು ಕೂಲಿಗಳಿಗೆ ಸಾಲಾಗಿ ಕಟ್ಟಿಸಿದ ಲೈನು ಮನೆಗಳಿಗೂ ನಡುವೆ. ಗಣಿ ಕೂಲಿಗಳ ಮಕ್ಕಳು, ಪೇಟೆಯ ಅಂಗಡಿಯವರ ಮಕ್ಕಳು, ಸುತ್ತಲ ಹಳ್ಳಿಗಳಿಂದ ಕೂಲಿಗೆ ಬಂದು ನಿಂತವರ ಮಕ್ಕಳು ಎಲ್ಲರೂ ಒಂದೇ ಕೋಣೆಯಲ್ಲಿ. ಪಾಠಕ್ಕೆ ಕನ್ನಡ, ಆಟಕ್ಕೆ ತಮಿಳು, ಬೈಗುಳಕ್ಕೆ ತೆಲುಗು. ಐದು ಜನ ಕೂರುವ ಬೆಂಚಿನಲ್ಲಿ ಏಳು ಜನ ಕೂರಬೇಕಾಗಿತ್ತು. ಅದರಲ್ಲಿ ಗಟ್ಟಿಗರು ಕಾಲು ಚಾಚಿಕೊಂಡು ಕೂತರೆ ಬಡಪಾಯಿಗಳು ನೆಲದ ಮೇಲೆ ಕೂರುತ್ತಿದ್ದರು. ನಾನು ಗಟ್ಟಿಗರ ಪೈಕಿ.

ಟೀಚರಮ್ಮ ಬಂದ ವರ್ಷ ಸೋಮವಾರದ ಮೊದಲ ಪಾಠ ಬದಲಾಯಿತು. ಒಬ್ಬ ಹುಡುಗನನ್ನು ಹೊರಗೆ ಕಳಿಸಿ ಮತ್ತೆ ಒಳಗೆ ಕರೆಯುತ್ತಿದ್ದರು. ಅವನು ಬಂದಾಗ ಬೆಂಚಿನವರು ಯಾರೂ ಹೇಳದೆ ಸರಿದು ಜಾಗ ಕೊಡಬೇಕು. ಅಷ್ಟೇ ಪಾಠ. ಕೇಳಲು ಸುಲಭ. ಆದರೆ ಪಕ್ಕದವನನ್ನು ನೂಕಿ ಸರಿದರೆ ತಪ್ಪು. ಮುಖ ಹುಳ್ಳಗೆ ಮಾಡಿಕೊಂಡು ಸರಿದರೆ ತಪ್ಪು. 'ಬಾ ತಮ್ಮ, ಕೂತ್ಕೋ' ಎಂದು ನಾಟಕದವರ ಹಾಗೆ ಕರೆದರೆ ದೊಡ್ಡ ತಪ್ಪು. ಸುಮ್ಮನೆ ಒಂದು ಗೇಣು ಸರಿಯಬೇಕು. ಲೆಕ್ಕಕ್ಕೆ, ಕಾಪಿಗೆ ಕೊಡುವ ಹಾಗೆ ಇದಕ್ಕೂ ಅಂಕ ಕೊಡುತ್ತಿದ್ದರು. ನಾನು ಅದರಲ್ಲಿ ಮೂರು ತಿಂಗಳು ಫೇಲಾದೆ.

ಒಂದು ಸಲ ಬೇಸತ್ತು ಕೇಳಿಬಿಟ್ಟೆ. "ಮನಸ್ಸಿಲ್ದೆ ಸರಿದ್ರೆ ಏನು ಬಂತು ಟೀಚರಮ್ಮ?"

"ಮನಸ್ಸಲ್ಲಿ ಕರುಣೆ ಹುಟ್ಟಲಿ, ಆಮೇಲೆ ಸರೀತೀನಿ ಅಂತ ಕಾದ್ರೆ ನಿನಗೆ ಮೀಸೆ ಬಂದುಬಿಡುತ್ತೆ. ನೀನು ಮೊದ್ಲು ಸರಿ. ಮನಸ್ಸು ಹಿಂದಿನಿಂದ ಬರುತ್ತೆ. ಬರದೆ ಎಲ್ಲಿಗೆ ಹೋಗುತ್ತೆ?" ಎಂದರು.

ಪೇಟೆಯ ಕಿರಾಣಿ ಅಂಗಡಿಯವರ ಹುಡುಗನೊಬ್ಬ ಒಮ್ಮೆ ಎದ್ದು ನಿಂತು, ಎಡವಿ ಬಿದ್ದ ಚಿಕ್ಕವನನ್ನು ತಾನೇ ಎತ್ತಿ ಮನೆಗೆ ಬಿಟ್ಟು ಬಂದೆ ಎಂದು ವರದಿ ಒಪ್ಪಿಸಿದ. ಟೀಚರಮ್ಮ ಕನ್ನಡಕದ ಮೇಲಿಂದ ಅವನನ್ನು ನೋಡಿ, "ಅದನ್ನ ಆ ಚಿಕ್ಕವನು ಹೇಳಲಿ, ಕೇಳ್ತೀನಿ. ನೀನು ಕೂತ್ಕೋ" ಎಂದರು. ಅವತ್ತಿನಿಂದ ತರಗತಿಯಲ್ಲಿ ಸ್ವಂತ ಪುಣ್ಯದ ವರದಿಗಳು ನಿಂತುಹೋದವು.

ಇನ್ನೊಂದು ದಿನದ್ದು ನೆನಪಿದೆ. ಮಧ್ಯಾಹ್ನ ಮಗ್ಗಿ ಹೇಳುತ್ತಿದ್ದಾಗ ನೆಲ ನಡುಗಿ ಕಿಟಕಿಯ ಮೇಲಿದ್ದ ಸ್ಲೇಟುಗಳು ಬಿದ್ದವು. ಗಣಿಯ ಊರಿನವರಿಗೆ ಆ ನಡುಕ ಹೊಸದಲ್ಲ. ಆಳದಲ್ಲಿ ಎಲ್ಲೋ ಬಂಡೆ ಸಿಡಿದಿದೆ ಎಂದು ಅರ್ಥ. ಎಲ್ಲಿ, ಯಾರ ಮೇಲೆ ಎಂಬುದು ಮಾತ್ರ ತಕ್ಷಣ ಗೊತ್ತಾಗುವುದಿಲ್ಲ. ಯಾರ ಅಪ್ಪ ಯಾವ ಪಾಳಿಯಲ್ಲಿ ಇಳಿದಿದ್ದಾನೆ ಎಂಬುದು ಟೀಚರಮ್ಮನಿಗೆ ಬಾಯಿಪಾಠವಾಗಿತ್ತು. ಒಂಬತ್ತು ಹೆಸರು ಕರೆದರು. ಉಳಿದ ನಮಗೆ, "ಇವರ ಎರಡೂ ಕಡೆ ಒಬ್ಬೊಬ್ಬರು ಹೋಗಿ ಒತ್ತಿ ಕೂತ್ಕೊಳ್ಳಿ. ಮಾತು ಬೇಡ" ಎಂದರು. ಆಮೇಲೆ ಮಗ್ಗಿಯನ್ನು ನಿಲ್ಲಿಸಿದ ಕಡೆಯಿಂದಲೇ ಮುಂದುವರಿಸಿದರು. ಸುದ್ದಿ ಬರುವ ತನಕ ಹದಿನಾರರ ಮಗ್ಗಿಯನ್ನು ಎಷ್ಟು ಸಲ ಹೇಳಿದೆವೋ ಲೆಕ್ಕವಿಲ್ಲ. ಆ ದಿನ ಯಾರಿಗೂ ಏನೂ ಆಗಿರಲಿಲ್ಲ. ನಾನು ಒತ್ತಿ ಕೂತಿದ್ದ ಹುಡುಗನ ಬೆವರು ಮಾತ್ರ ನನ್ನ ಅಂಗಿಯ ತೋಳಿಗೆ ಅಂಟಿತ್ತು.

ಇಷ್ಟೆಲ್ಲ ಆದರೂ ನಾನು ಬದಲಾಗಿರಲಿಲ್ಲ. ಅದನ್ನು ಮುಚ್ಚಿಟ್ಟು ಅವರ ಬಗ್ಗೆ ಬರೆದರೆ ಬರೆದು ಪ್ರಯೋಜನವಿಲ್ಲ.

ನಮ್ಮಪ್ಪ ಗಣಿಯ ಗೇಟಿನಲ್ಲಿ ಕಾವಲುಗಾರ. ಪಾಳಿ ಮುಗಿಸಿ ಮೇಲೆ ಬಂದ ಕೂಲಿಗಳನ್ನು ಸಾಲಾಗಿ ನಿಲ್ಲಿಸಿ ತಪಾಸಣೆ ಮಾಡುವುದು ಅವನ ಕೆಲಸ. ಕೈ ಎತ್ತಿಸಿ, ಬಾಯಿ ತೆಗೆಸಿ, ತಲೆಗೂದಲು ಕೆದರಿ, ಕಾಲ್ಬೆರಳ ಸಂದಿ ಬಿಡಿಸಿ ನೋಡಬೇಕು. ಯಾರಾದರೂ ಚಿನ್ನದ ಕಲ್ಲು ಅಡಗಿಸಿ ಒಯ್ಯುತ್ತಿದ್ದಾರೆಯೇ ಎಂದು. ಊರಲ್ಲಿ ಇದಕ್ಕೆ ಸರ್ಚು ಎನ್ನುತ್ತಿದ್ದರು. ನಾವು ಹುಡುಗರು ಅದನ್ನೇ ಆಟ ಮಾಡಿಕೊಂಡೆವು. ಬೇರೆ ಊರಿನ ಹುಡುಗರು ಕಳ್ಳ ಪೊಲೀಸ್ ಆಡುತ್ತಾರೆ, ನಮ್ಮದು ಸರ್ಚು. ಅಪ್ಪನ ಹಳೆಯ ಬೆಲ್ಟು ಕಟ್ಟಿಕೊಂಡು ನಾನು ಶಾಲೆಯ ಗೇಟಿನಲ್ಲಿ ನಿಲ್ಲುತ್ತಿದ್ದೆ. ಆಚೀಚೆ ಇಬ್ಬರು ಸಹಾಯಕರು. ಚಿಕ್ಕ ತರಗತಿಯವರೆಲ್ಲ ಸಾಲಾಗಿ ಬಂದು ಕೈ ಎತ್ತಬೇಕು. ಹುರಿಗಡಲೆ, ಬೆಲ್ಲ, ಗೋಲಿ, ಬಳಪದ ತುಂಡು ಏನು ಸಿಕ್ಕರೂ ನಮ್ಮದು. ಕೊಡದವನ ಬೆನ್ನಿಗೆ ಗುದ್ದು.

ನಮ್ಮ ತರಗತಿಯಲ್ಲೇ ಇದ್ದ ಮುನಿವೆಂಕಟನಿಗೆ ಮಾತ್ರ ದಿನಾ ದೊಡ್ಡ ಸರ್ಚು. ಅವನನ್ನು ಎಲ್ಲರೂ ಮುನೆಂಕಟ ಎನ್ನುತ್ತಿದ್ದರು. ಅವನಪ್ಪ ಸುಣ್ಣದ ಡಬ್ಬಿಯ ತಳದಲ್ಲಿ ಹುಣಸೆ ಬೀಜದಷ್ಟು ಚಿನ್ನದ ಕಲ್ಲು ಇಟ್ಟುಕೊಂಡು ಗೇಟಿನಲ್ಲಿ ಸಿಕ್ಕಿಬಿದ್ದು ಜೈಲಿಗೆ ಹೋಗಿದ್ದ. ಹಿಡಿದವನು ನಮ್ಮಪ್ಪ. ನಮ್ಮಪ್ಪ ಅವನಪ್ಪನನ್ನು ಸರ್ಚು ಮಾಡಿದ ಮೇಲೆ ನಾನು ಅವನನ್ನು ಮಾಡುವುದರಲ್ಲಿ ಏನು ತಪ್ಪು ಎಂಬುದು ನನ್ನ ನ್ಯಾಯ. ಅವನು ಕೈ ಎತ್ತಿ ನಿಂತಾಗ, "ಸುಣ್ಣದ ಡಬ್ಬಿ ತೆಗಿಲಾ" ಎಂದು ಕೂಗುತ್ತಿದ್ದೆ. ಸಾಲಿನಲ್ಲಿದ್ದವರೆಲ್ಲ ನಗುತ್ತಿದ್ದರು. ತಾವು ಪಾರಾದ ಸಂತೋಷಕ್ಕೆ ನಗುತ್ತಿದ್ದರೆಂದು ಈಗ ಅನ್ನಿಸುತ್ತದೆ. ಅವನು ಅಳುತ್ತಿರಲಿಲ್ಲ, ನೆಲ ನೋಡುತ್ತ ನಿಂತಿರುತ್ತಿದ್ದ.

ಒಂದು ಬೆಳಗ್ಗೆ ರೈಲು ಬೇಗ ಬಂದಿರಬೇಕು. ಮುನೆಂಕಟನ ಕೂದಲು ಕೆದರಿ ಅವನನ್ನು ಒಳಗೆ ಬಿಟ್ಟು ಮುಂದಿನವನನ್ನು ನೋಡಿದರೆ ಟೀಚರಮ್ಮ. ಸಾಲಿನಲ್ಲಿ ನಿಂತಿದ್ದರು.

"ಏನಪ್ಪ ಇದು?"

"ಸರ್ಚು ಆಟ ಟೀಚರಮ್ಮ."

"ಸರಿ, ನನ್ನನ್ನೂ ನೋಡು."

"ನಿಮ್ಮನ್ನಲ್ಲ ಟೀಚರಮ್ಮ."

"ಯಾಕೆ? ಒಳಗೆ ಹೋಗೋರನ್ನೆಲ್ಲ ನೋಡ್ತೀಯಲ್ಲ." ಕೊಡೆಯನ್ನು ಗೇಟಿಗೆ ಒರಗಿಸಿ ಎರಡೂ ಕೈ ಮೇಲೆತ್ತಿ ನಿಂತರು. ನಾನು ಮುಟ್ಟಲಿಲ್ಲ. ನನ್ನ ಸಹಾಯಕರಿಬ್ಬರೂ ಆಗಲೇ ಮಾಯವಾಗಿದ್ದರು. ಅವರೇ ಕೈ ಇಳಿಸಿ, ಚೀಲದಲ್ಲಿದ್ದುದನ್ನು ಒಂದೊಂದಾಗಿ ತೆಗೆದು ನನ್ನ ಕೈಮೇಲೆ ಇಡುತ್ತ ಬಂದರು. "ಇದು ಊಟದ ಡಬ್ಬಿ. ಇದು ಸೀಮೆಸುಣ್ಣ. ಇದು ರೈಲಿನ ಪಾಸು. ಇದು ನಶ್ಯದ ಡಬ್ಬಿ, ಬಿಚ್ಚಿ ನೋಡು. ಹೂಂ, ನಾನು ನಶ್ಯ ಹಾಕ್ತೀನಿ. ಯಾರಿಗೂ ಗೊತ್ತಿರ್ಲಿಲ್ಲ. ಈಗ ಶಾಲೆಗೆಲ್ಲ ಗೊತ್ತಾಯ್ತು." ಅವರ ಕಿವಿ ಕೆಂಪಾಗಿತ್ತು. ಅವರಿಗೂ ನಾಚಿಕೆಯಾಗುತ್ತದೆ ಎಂಬುದು ನನಗೆ ಗೊತ್ತಾದದ್ದು ಆಗಲೇ. 

ಬೈಯಲಿಲ್ಲ. ಎಲ್ಲವನ್ನೂ ಮತ್ತೆ ಚೀಲಕ್ಕೆ ತುಂಬಿಕೊಂಡು ಒಳಗೆ ಹೋದರು. ಮಾರನೆಯ ದಿನ ಮತ್ತೆ ಸಾಲಿನಲ್ಲಿ ನಿಂತು ಕೈ ಎತ್ತಿದರು. ಅದರ ಮಾರನೆಯ ದಿನವೂ. ಒಂದು ವಾರ ಹೀಗೇ ನಡೆಯಿತು. ಎರಡನೇ ವಾರ ನಾನು ಬೆಲ್ಟು ಕಟ್ಟಲಿಲ್ಲ. ಸರ್ಚು ನಿಂತಿತೆಂದು ಟೀಚರಮ್ಮ ತಿಳಿದರು. ಅವರು ಮಾಡಿದ ಒಂದೇ ತಪ್ಪು ಅದು.

ನಿಂತಿರಲಿಲ್ಲ. ಶಾಲೆಯಿಂದ ಲೈನು ಮನೆಗಳಿಗೆ ಹೋಗುವ ದಾರಿಯಲ್ಲಿ ಗಣಿಯ ಬಿಳಿ ಮರಳಿನ ದಿಬ್ಬ ಇದೆ. ಅದಿರನ್ನು ಅರೆದು ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿಯುವ ಮರಳು. ಸೈನೈಡ್ ದಿಬ್ಬ ಎಂದು ಅದಕ್ಕೆ ಹೆಸರು. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಅದರ ಹಿಂದೆ ಮುನೆಂಕಟನನ್ನು ಮೂವರು ತಡೆದೆವು. ಅಂಗಿ ಬಿಚ್ಚಿಸಿ ಹೊಲಿಗೆ ಹೊಲಿಗೆ ನೋಡಿದೆವು. ಅವನಪ್ಪನ ಅಂಗಿ ಅದು, ತಾಯಿ ಕತ್ತರಿಸಿ ಚಿಕ್ಕದು ಮಾಡಿದ್ದಳು. ಮೊದಲ ಸಲ ಅವನು ಬಾಯಿ ಬಿಟ್ಟು, "ಅದೊಂದು ಕೊಡ್ರಿ" ಎಂದ. ನಾನು ಅದನ್ನು ಮರಳಿನಲ್ಲಿ ಎಲ್ಲೋ ಹೂತು, ಹುಡುಕಿಕೋ ಎಂದು ಓಡಿದೆ. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದರೆ ಅವನು ಮಂಡಿಯೂರಿ ಮರಳು ತೋಡುತ್ತಿದ್ದ. ನಾನು ನಕ್ಕೆ. ಇದನ್ನು ಬರೆಯುವಾಗಲೂ ನನಗೆ ನನ್ನ ಮೇಲೆ ಅಸಹ್ಯವಾಗುತ್ತದೆ.

ಸೋಮವಾರ ಅವನು ಬರಲಿಲ್ಲ. ಮಂಗಳವಾರವೂ ಇಲ್ಲ. ಟೀಚರಮ್ಮ ಹಾಜರಿ ಕರೆಯುವಾಗ ಅವನ ಹೆಸರಿಗೆ ಬಂದು, ಒಬ್ಬ ಹುಡುಗ ಎದ್ದು 'ಬಂದಿದ್ದೇನೆ' ಎನ್ನುವಷ್ಟು ಹೊತ್ತು ಕಾದು, ಆಮೇಲೆ ಮುಂದಕ್ಕೆ ಹೋಗುತ್ತಿದ್ದರು. ಬುಧವಾರ ಅವರಿಗೆ ವಿಷಯ ತಿಳಿದಿತ್ತು. ದಿಬ್ಬದ ಮೇಲೆ ಆಡು ಕಾಯುತ್ತಿದ್ದ ಹುಡುಗಿ ಹೇಳಿದ್ದಳಂತೆ. ಬೆತ್ತ ಇವತ್ತು ಭೂಪಟದಿಂದ ಕೆಳಗಿಳಿಯುತ್ತದೆ ಎಂದು ನಾನು ಕೈ ಉಜ್ಜಿಕೊಂಡು ಸಿದ್ಧನಾಗಿದ್ದೆ.

ಅವರು ಇಡೀ ತರಗತಿಗೆ ಹೇಳಿದರು. "ಸರ್ಚು ನಿಲ್ಲಿಸ್ದೆ ಅಂತ ಹೆಡ್‌ಮಾಸ್ಟರ ಹತ್ರ ಜಂಭ ಕೊಚ್ಚಿದ್ದೆ. ನಿಂತಿರ್ಲಿಲ್ಲ, ಜಾಗ ಬದಲಾಯಿಸಿತ್ತು. ಗೇಟಿನ ತನಕ ಮಾತ್ರ ನೋಡಿ ಸುಮ್ಮನಾದದ್ದು ನನ್ನ ತಪ್ಪು." ಒಬ್ಬ ಟೀಚರು ಮಕ್ಕಳೆದುರು ತಪ್ಪು ಒಪ್ಪಿಕೊಂಡದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಆಮೇಲೆ ನನ್ನನ್ನು ವರಾಂಡಕ್ಕೆ ಕರೆದರು.

"ನಿನ್ನೆ ಸಂಜೆ ಅವನ ಮನೆಗೆ ಹೋಗಿದ್ದೆ. ಬಂಗಾರಪೇಟೆಯಲ್ಲಿ ಅವನ ಸೋದರಮಾವ ಇದ್ದಾನೆ, ಹುಣಸೆಹಣ್ಣಿನ ಮಂಡೀಲಿ ಕೆಲಸ. ಈ ತಿಂಗಳ ಕೊನೇಲಿ ಬಂದು ಅವನನ್ನ ಕರ್ಕೊಂಡು ಹೋಗಿ ಅಲ್ಲೇ ಕೂಲಿಗೆ ಹಾಕ್ತಾನಂತೆ. ತಿಂಗಳು ಪೂರ್ತಿ ಬರದಿದ್ರೆ ಶಾಲೇಲೂ ಹೆಸರು ಹೊಡೆದುಹಾಕ್ತಾರೆ. ಆಮೇಲೆ ಅವನು ಜನ್ಮದಲ್ಲಿ ಇತ್ತ ಬರೋದಿಲ್ಲ. ಗೊತ್ತಾಯ್ತಾ?"

ತಲೆಯಾಡಿಸಿದೆ.

"ಓಡಿಸಿದೋನು ನೀನು. ಕರ್ಕೊಂಡು ಬರೋನೂ ನೀನೇ. ದಿನಾ ಬೆಳಗ್ಗೆ ಅವನ ಮನೆ ಬಾಗಿಲಿಗೆ ಹೋಗಿ ನಿಲ್ಲು."

"ಅವನು ಬರ್ದಿದ್ರೆ?"

"ನಾಳೆ ಹೋಗು."

ಮುನೆಂಕಟನ ಮನೆ ಎಂದರೆ ಸ್ವಂತದ್ದಲ್ಲ. ಅಪ್ಪನ ಕೆಲಸ ಹೋದಾಗ ಗಣಿಯ ಮನೆಯೂ ಹೋಗಿತ್ತು. ನಂದಿದುರ್ಗದ ಲೈನಿನಲ್ಲಿ ಚಿಕ್ಕಪ್ಪನೊಬ್ಬನ ಮನೆಯ ಮೂಲೆಯಲ್ಲಿ ತಾಯಿ ಮಗ ಇದ್ದರು. ಮೊದಲ ದಿನ ನಾನು ಹೋಗಿ ಬಿದಿರು ತಟ್ಟಿಯ ಬಾಗಿಲ ಮುಂದೆ ನಿಂತಾಗ ತಾಯಿ ಹೊರಗೆ ಬಂದಳು. ನಾನು ಯಾರೆಂದು ಅವಳಿಗೆ ಗೊತ್ತಿತ್ತು.

"ಯಾಕಪ್ಪ ಬಂದೆ? ಅಪ್ಪನ್ನ ಸರ್ಚು ಮಾಡಿದ್ದಾಯ್ತು, ಮಗನ್ನ ಮಾಡಿದ್ದಾಯ್ತು. ನಮ್ಮನೇಲಿ ಇನ್ನೇನ್ ಉಡುಕ್ಬೇಕು ನಿಮಗೆ?"

ಕ್ಷಮಿಸಿ ಎನ್ನಲು ಬಾಯಿ ಬರಲಿಲ್ಲ. "ಟೀಚರಮ್ಮ ಕರ್ಕೊಂಡು ಬಾ ಅಂದ್ರು" ಎಂದೆ. ಬಾಗಿಲು ಮುಚ್ಚಿತು.

ಅಂದಿನಿಂದ ನನಗೂ ಟೀಚರಮ್ಮನಿಗೂ ದಿನಾ ಒಂದೇ ಮಾತುಕತೆ. "ಬಂದನಾ?" "ಇಲ್ಲ." "ನಾಳೆ?" "ಹೋಗ್ತೀನಿ." ಹೋಗುವುದಿಲ್ಲ ಎನ್ನುವ ಧೈರ್ಯ ನನಗೆ ಇರಲಿಲ್ಲ. ಅತ್ತ ತರಗತಿಯಲ್ಲಿ ಅವರು ಮುನೆಂಕಟ ಬಂದೇ ಬರುತ್ತಾನೆಂದು ತಯಾರಿ ನಡೆಸಿದ್ದರು. ಅವನ ಜಾಗ ಖಾಲಿ ಬಿಡಿಸಿ, ಅವನು ಬಂದ ದಿನ ಯಾರು ಹೇಗಿರಬೇಕು ಎಂದು ಅಭ್ಯಾಸ ಮಾಡಿಸುತ್ತಿದ್ದರು. ಯಾರೂ ಹಲ್ಲು ಕಿರಿಯಬಾರದು. ಯಾರೂ ಪಿಸುಗುಡಬಾರದು. ಅಯ್ಯೋ ಪಾಪ ಎಂಬ ಮುಖವಂತೂ ಕೂಡದೇ ಕೂಡದು. "ಅವನು ಪಾಪದವನಲ್ಲ, ಮುನಿವೆಂಕಟ" ಎಂದು ಒಡಕು ದನಿಯಲ್ಲಿ ಗದರುತ್ತಿದ್ದರು. ತಿಂಗಳು ಕರಗುತ್ತಿತ್ತು.

ಈ ಸುದ್ದಿ ನಮ್ಮಪ್ಪನ ಕಿವಿಗೆ ಬಿತ್ತು. ಆರಡಿಯ ಆಳು, ಖಾಕಿ, ಪೇಟ. ಹಾಗೇ ಶಾಲೆಗೆ ಬಂದ.

"ಏನ್ ಟೀಚರಮ್ಮ, ಆ ಕಳ್ಳನ ಮನೆ ಬಾಗ್ಲಿಗೆ ನನ್ ಮಗ ಯಾಕೆ ಓಗ್ಬೇಕು? ನಾನು ದೊರೆಗಳ ಕೈಕೆಳಗೆ ನಿಯತ್ತಾಗಿ ಕೆಲ್ಸ ಮಾಡೋನು."

ಟೀಚರಮ್ಮ ಅವನ ಎದೆಯ ಮಟ್ಟಕ್ಕೆ ಬರುತ್ತಿದ್ದರು. ಕತ್ತೆತ್ತಿ ಕೇಳಿದರು. "ಕೂತ್ಕೊಳ್ಳಿ ಅಣ್ಣ. ಗೇಟಿನಲ್ಲಿ ನೀವು ಮಾಡೋದು ನೌಕರಿ. ಅದಕ್ಕೆ ನಿಮಗೆ ಸಂಬಳ ಇದೆ, ಮೇಲೆ ದೊರೆ ಇದ್ದಾನೆ. ಇವನು ಯಾರ ನೌಕರಿ ಮಾಡಿದ? ಅಂಗೀಲಿ ಏನು ಸಿಕ್ಕಿತು ಇವನಿಗೆ?"

"ಯಾವ ಅಂಗಿ?"

ಅಪ್ಪನಿಗೆ ಯಾರೂ ಹೇಳಿರಲಿಲ್ಲ. ಟೀಚರಮ್ಮ ಹೇಳಿದರು, ಒಂದು ಮಾತು ಹೆಚ್ಚಿಸದೆ, ಒಂದು ಮಾತು ಕಮ್ಮಿ ಮಾಡದೆ. ಅಪ್ಪ ಬೆಂಚಿನ ಮೇಲೆ ಕೂತ. ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡು, "ಅವತ್ತು ಅವನ್ನ ಇಡ್ದಾಗ ಅವನ್ ಮಕ ನೋಡಕ್ಕಾಗ್ಲಿಲ್ಲ ಟೀಚರಮ್ಮ. ಇಬ್ರೂ ಒಂದೇ ಊರ್ನಿಂದ ಬಂದೋರು. ಬಿಟ್ರೆ ನನ್ ಕೆಲ್ಸ ಓಗೋದು" ಎಂದ. ನನ್ನ ಕಡೆ ತಿರುಗಿ, "ನಿಂಗೆ ಅದು ಆಟ ಆಗೋಯ್ತೇನ್ಲಾ" ಎಂದ. ಹೊಡೆದಿದ್ದರೆ ಚೆನ್ನಾಗಿತ್ತು. ಅಪ್ಪನ ದನಿ ಹಾಗೆ ಒಡೆದದ್ದನ್ನು ನಾನು ಕೇಳಿರಲಿಲ್ಲ. ಬಾಗಿಲ ಹೊರಗೆ ನಿಂತು ಅತ್ತುಬಿಟ್ಟೆ. ಟೀಚರಮ್ಮ ನೋಡಿದರು, ಸಮಾಧಾನ ಮಾಡಲಿಲ್ಲ. "ನಾಳೆ?" ಎಂದರು.

ಮರುದಿನ ನಾನು ಬೇಗ ಹೋದೆ. ಲೈನಿನ ನಲ್ಲಿಯಲ್ಲಿ ನೀರು ಬಂದಿತ್ತು. ಆ ನಲ್ಲಿಗೆ ಇಡೀ ಲೈನಿನ ಬಿಂದಿಗೆಗಳು ಸಾಲು ನಿಲ್ಲುತ್ತವೆ. ಮುನೆಂಕಟನ ತಾಯಿಯ ಬಿಂದಿಗೆ ಮುಂದಿನಿಂದ ನಾಲ್ಕನೆಯದು. ಅವಳು ಸ್ವಲ್ಪ ಆಚೆ ನಿಂತಿದ್ದಳು. ಒಬ್ಬ ಹೆಂಗಸು ಬಂದು ಅದನ್ನು ಕಾಲಿನಿಂದ ನೂಕಿ ಸಾಲಿನ ಹೊರಗೆ ಹಾಕಿದಳು. "ಕಳ್ಳರ ಮನೇರ್ಗೆ ಕಡೇಲಿ ಸಾಕು" ಎಂದಳು.  ಕೆಲವರು ನಕ್ಕರು. ಆ ನಗು ನನಗೆ ಚೆನ್ನಾಗಿ ಗೊತ್ತಿತ್ತು. ಶಾಲೆಯ ಗೇಟಿನಲ್ಲಿ ದಿನಾ ನಾನು ಎಬ್ಬಿಸುತ್ತಿದ್ದ ನಗು. ತಾಯಿ ಮಗನ ಹಾಗೇ ನೆಲ ನೋಡುತ್ತಿದ್ದಳು.

ನಾನು ಯೋಚಿಸಿ ಮಾಡಲಿಲ್ಲ. ಬಿಂದಿಗೆ ಎತ್ತಿಕೊಂಡು ಹೋಗಿ ನಾಲ್ಕನೇ ಜಾಗದಲ್ಲಿ ಇಟ್ಟೆ. "ಇದು ಇಲ್ಲೇ ಇತ್ತು" ಎಂದೆ. ಆ ಹೆಂಗಸು, "ನೀನ್ಯಾವನ್ಲಾ ಕೇಳೋಕೆ?" ಎಂದಳು. ಪಕ್ಕದವಳು ಅವಳ ಸೆರಗು ಜಗ್ಗಿ, "ಸುಮ್ನಿರಕ್ಕ, ಗೇಟು ಕಾವಲಿನೋರ ಮಗ" ಎಂದು ಮೆಲ್ಲಗೆ ಹೇಳಿದಳು. ಸಾಲು ಒಂದು ಗೇಣು ಹಿಂದಕ್ಕೆ ಸರಿಯಿತು. ನಾನು ಬಿಂದಿಗೆಯ ಪಕ್ಕದಲ್ಲೇ ನಿಂತೆ. ಅದರ ಸರದಿ ಬಂದಾಗ ತುಂಬಿಸಿ, ಎರಡೂ ಕೈಯಲ್ಲಿ ಹಿಡಿದು, ಅರ್ಧ ನೀರು ಕಾಲ ಮೇಲೆ ಚೆಲ್ಲಿಕೊಂಡು ಬಾಗಿಲ ತನಕ ಹೊತ್ತೆ. ತಾಯಿ ಹಿಂದೆ ಬಂದಳು. ಆ ವಾರವೆಲ್ಲ ಬೆಳಗ್ಗೆ ನಾನು ಆ ನಲ್ಲಿಯ ಹತ್ತಿರ ನಿಂತೆ. ಟೀಚರಮ್ಮನಿಗೆ ಹೇಳಲಿಲ್ಲ. ಹೇಳಿದರೆ "ನೀನು ಕೂತ್ಕೋ" ಎನ್ನುತ್ತಾರೆಂದು ಗೊತ್ತಿತ್ತು.

ತಿಂಗಳು ಮುಗಿಯಲು ಎರಡು ದಿನ ಇತ್ತು. ತಾಯಿ ಬಿಂದಿಗೆ ಇಳಿಸಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಒಳಗೆ ತಿರುಗಿ ಹೇಳಿದಳು. "ಲೇ ಮುನೆಂಕಟ, ಸ್ಲೇಟು ತಕೋ. ನಿಮ್ಮಾವ ಬಂದ್ರೆ ನಾನ್ ಏಳ್ತೀನಿ."

ಅವನು ಹೊರಗೆ ಬಂದ. ಮೈಮೇಲೆ ಯಾರದೋ ದೊಡ್ಡ ಅಂಗಿ. ನನ್ನ ಮುಖ ನೋಡಲಿಲ್ಲ, ನನ್ನ ಜೊತೆಗೂ ನಡೆಯಲಿಲ್ಲ. ಇಪ್ಪತ್ತು ಹೆಜ್ಜೆ ಮುಂದೆ ಅವನು, ಹಿಂದೆ ನಾನು. ದಿಬ್ಬದ ದಾರಿ ಬಿಟ್ಟು ಸುತ್ತು ಹಾಕಿಕೊಂಡು ನಡೆದ. ತರಗತಿಯ ಬಾಗಿಲಲ್ಲಿ ಅವನು ಒಂದು ಕ್ಷಣ ನಿಂತ. ಬೆಂಚಿನವರು ಸರಿದರು. ಯಾರೂ ನಗಲಿಲ್ಲ, ಯಾರೂ ಕರೆಯಲಿಲ್ಲ. ಟೀಚರಮ್ಮ ಹಾಜರಿ ಕರೆದರು. ಅವನ ಹೆಸರಿಗೆ ಅವನು ಎದ್ದು "ಬಂದಿದ್ದೀನಿ" ಎಂದ. ಅವರು ಒಂದು ಗುರುತು ಹಾಕಿ ಮುಂದಿನ ಹೆಸರು ಕರೆದರು. ಕಪ್ಪುಹಲಗೆಯ ಕಡೆ ತಿರುಗಿ ಅವತ್ತು ಬಹಳ ಹೊತ್ತು ಏನೋ ಬರೆಯುವ ಹಾಗೆ ನಿಂತಿದ್ದರು.

ಇಲ್ಲಿಗೆ ಎಲ್ಲ ಸುಖವಾಯಿತು ಎಂದು ಮುಗಿಸಬಹುದಿತ್ತು. ಹಾಗಾಗಲಿಲ್ಲ. ಆ ವರ್ಷದ ಉಳಿದ ತಿಂಗಳೆಲ್ಲ ನಾನು ಬೆಳಗ್ಗೆ ಅವನ ಬಾಗಿಲಿಗೆ ಹೋದೆ, ಸಂಜೆ ಬಾಗಿಲ ತನಕ ಬಿಟ್ಟೆ. ದಾರಿಯಲ್ಲಿ ಅವನನ್ನು ಯಾರೂ ಮುಟ್ಟಲಿಲ್ಲ. ಅವನು ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಇಪ್ಪತ್ತು ಹೆಜ್ಜೆ ಹತ್ತೊಂಬತ್ತಾಗಲಿಲ್ಲ. 'ನೋಡ್ಲಾ, ನಾನು ಬದಲಾಗಿದ್ದೀನಿ' ಎಂದು ಕೂಗಬೇಕೆನ್ನಿಸುತ್ತಿತ್ತು. ನಾಲ್ಕನೇ ತರಗತಿಯ ಪರೀಕ್ಷೆ ಮುಗಿಯಿತು. ಅವನು ಪಾಸಾದ, ನಾನೂ ಆದೆ. ಕೊನೆಯ ದಿನ ನಾನು ಟೀಚರಮ್ಮನ ಹತ್ತಿರ ಹೋಗಿ ದೂರು ಹೇಳಿದೆ.

"ಇಷ್ಟು ದಿನ ಹೋದೆ ಟೀಚರಮ್ಮ. ನೀರು ಹೊತ್ತೆ. ಅವನು ಒಂದು ಮಾತೂ ಆಡ್ಲಿಲ್ಲ."

"ಅವನು ಮಾತಾಡ್ತಾನೆ ಅಂತ ನಾನು ಯಾವತ್ತು ಹೇಳ್ದೆ?"

"ಕ್ಷಮಿಸ್ಬಾರ್ದಾ?"

ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ಕ್ಷಮಿಸೋದು ಬಿಡೋದು ಅವನದು. ಅದನ್ನ ಅವನ ಹತ್ರ ಕೇಳೋಕೆ ಹೋಗ್ಬೇಡ, ಅದೂ ಒಂದು ಸರ್ಚೇ. ಅವನು ಹೆದರದೆ ಶಾಲೆಗೆ ಬರ್ಬೇಕಿತ್ತು. ಬಂದ. ನಿನ್ನ ಕೈಯಲ್ಲಿ ಇದ್ದದ್ದು ಅಷ್ಟೇ."

ಬೇಸಿಗೆ ರಜದಲ್ಲಿ ಸೋದರಮಾವ ಬಂದು ಅವನನ್ನು ಬಂಗಾರಪೇಟೆಗೆ ಕರೆದುಕೊಂಡು ಹೋದ. ರಜಕ್ಕೆ ಮಾತ್ರ ಎಂದು ತಾಯಿ ಹೇಳಿದಳು. ಆದರೆ ಮಂಡಿಗೆ ಹೋದ ಹುಡುಗರು ತಿರುಗಿ ಬಂದದ್ದನ್ನು ಲೈನಿನಲ್ಲಿ ಯಾರೂ ಕಂಡಿರಲಿಲ್ಲ. ರಾಬರ್ಟ್‌ಸನ್‌ಪೇಟೆಯ ಮಿಡ್ಲ್ ಸ್ಕೂಲು ಶುರುವಾಗುವ ದಿನ ಬಂತು. ಹೋಗೆಂದು ನನಗೆ ಯಾರೂ ಹೇಳಿರಲಿಲ್ಲ. ಹೊಸ ಶಾಲೆ, ಹೊಸ ಮೇಷ್ಟರು, ಟೀಚರಮ್ಮನ ಅಪ್ಪಣೆ ಅಲ್ಲಿಗೆ ಮುಗಿದಿತ್ತು. ಹೋಗಲೋ ಬೇಡವೋ ಎಂದು ಮನೆಯಲ್ಲಿ ಸುಮಾರು ಹೊತ್ತು ಕೂತೆ. ಅವನು ಇಲ್ಲದಿದ್ದರೆ ಆ ಖಾಲಿ ಬಾಗಿಲನ್ನು ನೋಡುವುದು ಹೇಗೆ ಎಂಬ ಭಯ. ಕೊನೆಗೆ ಎದ್ದು ಓಡಿದೆ.

ಅವನು ಬಾಗಿಲಲ್ಲಿ ನಿಂತಿದ್ದ. ಪುಸ್ತಕದ ಚೀಲ ಹೆಗಲಿಗೆ ಹಾಕಿಕೊಂಡು ನಾನು ಬರುವ ದಾರಿಯನ್ನೇ ನೋಡುತ್ತಿದ್ದ.

"ಒತ್ತಾಯ್ತು ಕಣ್ಲಾ. ನಡಿ" ಎಂದ.

ಸಂಜೆ ನಾನು ಮನೆಗೆ ಹೋಗಲಿಲ್ಲ, ನೇರ ಊರಿಗಾಂ ಸ್ಟೇಷನ್ನಿಗೆ ಓಡಿದೆ. ಟೀಚರಮ್ಮ ಪ್ಲಾಟ್‌ಫಾರ್ಮಿನ ಕಲ್ಲುಬೆಂಚಿನ ಮೇಲೆ ಬಂಗಾರಪೇಟೆಯ ರೈಲಿಗೆ ಕಾಯುತ್ತ ಕೂತಿದ್ದರು. ಏದುಸಿರು ಬಿಡುತ್ತ, "ಟೀಚರಮ್ಮ, ಮುನೆಂಕಟ ಬಂದ. ಮಾತಾಡ್ದ" ಎಂದೆ.

"ಏನಂದ?"

"ಹೊತ್ತಾಯ್ತು ಅಂದ."

ಅವರು ಕೊಡೆಯನ್ನು ಕಂಕುಳಿಗೇರಿಸಿ ಎದ್ದರು. ರೈಲು ಬಂತು. ಮೆಟ್ಟಿಲು ಹತ್ತಿ, ಕಿಟಕಿಯ ಪಕ್ಕ ಕೂತು, ಹೊರಗೆ ಬಗ್ಗಿ ಅದೇ ಒಡಕು ದನಿಯಲ್ಲಿ ಕೇಳಿದರು.

"ತಡ ಯಾಕೆ ಮಾಡ್ದೆ? ನಾಳೆ ಬೇಗ ಹೋಗು."